ಗಲಾಟೆ ಟೀಚರ್ ಕಟ್ಟಿಸಿದ ಕಮಾನು

ನನ್ನ ಚಿಕ್ಕಮ್ಮನಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಅವಳು ಮೆಲ್ಲಗೆ ಮಾತಾಡತೊಡಗಿದರೆ ಚಿಕ್ಕಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಡುತ್ತಾರೆ.

ಅವಳು ಪ್ರಾಥಮಿಕ ಶಾಲೆಯ ಮೂರನೇ ತರಗತಿಯ ಟೀಚರ್. ಜೊತೆಯವರು ಇಟ್ಟ ಹೆಸರು ‘ಗಲಾಟೆ ಟೀಚರ್’. ಪಾಠಕ್ಕೆ ಮೊದಲು ಅವಳ ತರಗತಿಯಲ್ಲಿ ಏನಾದರೊಂದು ನಡೆಯಲೇಬೇಕು. ತೂಕದ ಪಾಠವೆಂದರೆ ಉದ್ದನೆಯ ಹಲಗೆಯನ್ನು ಮರದ ತುಂಡಿನ ಮೇಲಿಟ್ಟು, ಒಂದು ತುದಿಯಲ್ಲಿ ತಾನು ಕೂತು, ತನ್ನನ್ನು ಮೇಲೆತ್ತಲು ಎಷ್ಟು ಮಕ್ಕಳು ಬೇಕೆಂದು ಅವರಿಂದಲೇ ಕಂಡುಹಿಡಿಸುತ್ತಾಳೆ. ಶಬ್ದದ ಪಾಠವೆಂದರೆ ನಮ್ಮ ಅಡುಗೆಮನೆಯ ಪಾತ್ರೆಗಳೆಲ್ಲ ಶಾಲೆಗೆ ಹೋಗುತ್ತವೆ; ಅವತ್ತು ಚಿಕ್ಕಪ್ಪ ಲೋಟದಲ್ಲಿ ಅಡುಗೆ ಮಾಡಬೇಕು.

“ಕೈಯಾರೆ ಮಾಡಿದ್ದನ್ನ ಮರೆತುಬಿಡಿ ಅಂದ್ರೂ ಮಕ್ಕಳು ಮರೆಯಲ್ಲ ಕಣೇ,” ಎನ್ನುತ್ತಾಳೆ. ನಾನೂ ಅವಳ ತರಗತಿಯಲ್ಲಿ ಓದಿದವಳೇ, ಆಮೇಲೆ ಶಾಲೆ ಬಿಟ್ಟೆ. ಅಲ್ಲಿ ಕಲಿತದ್ದರಲ್ಲಿ ನನಗೆ ಇನ್ನೂ ನೆನಪಿರುವುದು ಅವಳು ಹಾಗೆ ಮಾಡಿಸಿದ್ದು ಮಾತ್ರ.

ಈ ವರ್ಷ ಅವಳ ತರಗತಿಯಲ್ಲಿ ಟೈಲರನ ಮಗಳೊಬ್ಬಳಿದ್ದಳು. ಯಾರು ಏನು ಕೇಳಿದರೂ ಉಗುರು ನೋಡಿಕೊಳ್ಳುತ್ತಿದ್ದಳು. ಅವಳನ್ನು ಎರಡನೇ ತರಗತಿಗೆ ಹಿಂದೆ ಕಳಿಸಬೇಕೆಂದು ಹೆಡ್‌ಮಾಸ್ಟರು ಪಟ್ಟು ಹಿಡಿದರು.

“ತಲೆ ಮೇಲೆ ಬಂಡೆ ಬಿದ್ರೂ ಅಯ್ಯೋ ಅನ್ನಲ್ಲ ರೀ ಅದು.”

“ಅವಳಿಗೆ ಮಾತು ಬರುತ್ತೆ ಸಾರ್. ಆಡೋಕೆ ಏನಾದ್ರೂ ಸಿಗ್ಬೇಕು.”

“ಸರಿ, ನೀವು ಸರ್ಕಸ್ ಮಾಡ್ಸಿ. ಶನಿವಾರ ನಾನೇ ಬರ್ತೀನಿ. ಒಂದು ಉತ್ತರ ಬರ್ಲಿ ಸಾಕು. ಬರ್ಲಿಲ್ವೋ, ಸೋಮವಾರದಿಂದ ಎರಡನೇ ಕ್ಲಾಸು.”

ಶಾಲೆಯ ಹಿಂದೆ ಒಂದು ಒಣ ಮೋರಿಯಿದೆ. ಶುಕ್ರವಾರ ಚಿಕ್ಕಮ್ಮ ಅದರಲ್ಲಿ ಒದ್ದೆ ಮರಳನ್ನು ಗುಡ್ಡೆ ಹಾಕಿಸಿ, ಮಕ್ಕಳ ಕೈಯಿಂದಲೇ ಅದರ ಮೇಲೆ ಕಮಾನಿನಂತೆ ಇಟ್ಟಿಗೆ ಇಡಿಸಿದಳು. ಸಂದಿಗಳಿಗೆ ಹೆಂಚಿನ ಚೂರು, ಎರಡೂ ಪಕ್ಕಕ್ಕೆ ದಪ್ಪ ಕಲ್ಲು. ಸಿಮೆಂಟಿಲ್ಲ, ಗಾರೆಯಿಲ್ಲ. ಆಮೇಲೆ ಅಡಿಯ ಮರಳನ್ನು ಕೈಯಲ್ಲೇ ತೋಡಿ ತೆಗೆಯಬೇಕು. “ಬೀಳುತ್ತೆ, ಬೀಳುತ್ತೆ!” ಎಂದು ಎಲ್ಲರೂ ಕಿರುಚುತ್ತಿದ್ದಾಗ ಹೊಟ್ಟೆಯ ಮೇಲೆ ಮಲಗಿ ಕೊನೆಯ ಮರಳನ್ನು ಬಾಚಿದ್ದು ಟೈಲರನ ಮಗಳು. ಕಮಾನು ಬೀಳಲಿಲ್ಲ. ಸಂಜೆಯವರೆಗೂ ಅವಳು ಪಕ್ಕದ ಕಲ್ಲುಗಳನ್ನು ಮುಟ್ಟಿ ಮುಟ್ಟಿ ನೋಡಿದಳಂತೆ.

ಶನಿವಾರ ಚಿಕ್ಕಮ್ಮ ಊಟದ ಡಬ್ಬಿ ಮರೆತಿದ್ದಳು. ಕೊಡಲು ಹೋದಾಗ ಹೆಡ್‌ಮಾಸ್ಟರ ಕೂಗು ಗೇಟಿಗೇ ಕೇಳಿಸಿತು. ನಾನು ಕಂಬದ ಹಿಂದೆ ನಿಂತೆ.

“ಇದು ಶಾಲೆನೋ ಇಟ್ಟಿಗೆ ಗೂಡೋ? ಸೋಮವಾರ ಆಫೀಸರು ಬರ್ತಿದ್ದಾರೆ! ಏಯ್, ಒದ್ದು ಬೀಳ್ಸೋ ಅದನ್ನ!”

ಜವಾನ ಕಮಾನಿನ ನೆತ್ತಿಗೆ ಒದ್ದ. ಹೆಬ್ಬೆರಳು ಹಿಡಿದುಕೊಂಡು ಕುಂಟಿದ. “ನನ್ನ ಕಾಲೇ ಬೀಳೋ ಹಾಗಿದೆ ಸಾರ್,” ಎಂದ. ಮಕ್ಕಳು ಕಿಸಕ್ಕೆಂದರು.

ಹೆಡ್‌ಮಾಸ್ಟರಿಗೆ ಮೈಯೆಲ್ಲ ಉರಿಯಿತು. ಪ್ಯಾಂಟು ಎತ್ತಿ ತಾವೇ ಕಮಾನಿನ ಮೇಲೆ ಹತ್ತಿ ಧಡಧಡ ಕುಣಿದರು. ಒಂದು ಇಟ್ಟಿಗೆಯೂ ಅಲುಗಲಿಲ್ಲ.

“ಸಿಮೆಂಟ್ ಹಾಕ್ಸಿದೀರೇನ್ರೀ?”

ಆಗ ಒಂದು ಸಣ್ಣ ದನಿ ಕೇಳಿತು. “ಮೇಲಿಂದ ತುಳಿದ್ರೆ ಬೀಳಲ್ಲ ಸಾರ್. ತುಳಿದಷ್ಟೂ ಇಟ್ಟಿಗೆಗಳು ಬಿಗಿಯಾಗ್ತವೆ. ಪಕ್ಕದ ಕಲ್ಲು ತಡ್ಕೊಂಡಿದೆ. ಅದನ್ನ ತೆಗೆದ್ರೆ ಕಮಾನು ಅಗಲ ಆಗಿ ಬಿದ್ದೋಗುತ್ತೆ.”

ಟೈಲರನ ಮಗಳು. ಮಕ್ಕಳೆಲ್ಲ ಬಾಯಿ ತೆರೆದು ಅವಳನ್ನೇ ನೋಡಿದರು. ಹೆಡ್‌ಮಾಸ್ಟರು ಅವಳ ಕಡೆ ತಿರುಗಲೂ ಇಲ್ಲ. ಕೆಳಗಿಳಿದು ಜವಾನನಿಗೆ, “ಕೇಳಿಸ್ತಲ್ಲ? ಕಲ್ಲು ಎಳಿ,” ಎಂದರು.

ಜವಾನ ಎಳೆದ. ಕಮಾನು ಮೋರಿಯೊಳಗೆ ಕುಸಿಯಿತು. ಹುಡುಗಿ ಮತ್ತೆ ಉಗುರು ನೋಡತೊಡಗಿದಳು.

ಚಿಕ್ಕಮ್ಮ ಹೆಡ್‌ಮಾಸ್ಟರ ಎದುರಿಗೆ ಬಂದು ನಿಂತಳು. ಅವಳ ದನಿ ಎಷ್ಟು ಇಳಿದಿತ್ತೆಂದರೆ ನಾನು ಕಂಬ ಬಿಟ್ಟು ಮುಂದೆ ಬರಬೇಕಾಯಿತು.

“ಸಾರ್, ಇವತ್ತು ಶನಿವಾರ. ಒಂದು ಉತ್ತರ ಸಾಕು ಅಂದಿದ್ರಿ. ಬಂತು.”

“ನಾನಿನ್ನೂ ಪ್ರಶ್ನೆನೇ ಕೇಳಿಲ್ವಲ್ಲ ರೀ!”

“ಅದರ ಮೇಲೆ ಕುಣಿದ್ರಲ್ಲ, ಅದೇ ಪ್ರಶ್ನೆ. ಉತ್ತರ ಸರಿನಾ ತಪ್ಪಾ ಅಂತ ಮೋರಿ ನೋಡಿ.”

ಅವರು ಮೋರಿ ನೋಡಿದರು, ಮಕ್ಕಳನ್ನು ನೋಡಿದರು. “ಮೂರನೇದ್ರಲ್ಲೇ ಇರ್ಲಿ,” ಎಂದು ಪ್ಯಾಂಟಿನ ಧೂಳು ಒರೆಸಿಕೊಳ್ಳುತ್ತಾ ಹೋದರು.

ಗೆದ್ದ ಸಂತೋಷ ಚಿಕ್ಕಮ್ಮನ ಮುಖದಲ್ಲಿರಲಿಲ್ಲ. ಮನೆಯಲ್ಲಿ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಡುತ್ತಾ ಮೆಲ್ಲಗೆ ಹೇಳಿದಳು: “ಮೊದಲ ಸಲ ಬಾಯಿ ಬಿಟ್ಟಿದ್ಳು ಕಣೇ ಆ ಮಗು. ಸರಿ ಉತ್ತರ ಹೇಳಿದ್ದಕ್ಕೇ ಅವಳು ಕಟ್ಟಿದ್ದನ್ನ ಕೆಡವಿದ್ರು. ಇನ್ನು ಯಾವ ಧೈರ್ಯದ ಮೇಲೆ ಮಾತಾಡ್ತಾಳೆ?” ಚಿಕ್ಕಪ್ಪ ಆಗಲೇ ಚಪ್ಪಲಿ ಮೆಟ್ಟಿ ಹೊರಟಾಗಿತ್ತು.

ಸೋಮವಾರ ಆಫೀಸರು ಬಂದು ಹೋದ ಮೇಲೆ ಹುಡುಗಿ ಚಿಕ್ಕಮ್ಮನ ಸೆರಗು ಜಗ್ಗಿದಳಂತೆ.

“ಟೀಚರ್, ಈ ಸಲ ಪಕ್ಕದ ಕಲ್ಲನ್ನ ನೆಲದೊಳಗೆ ಹೂಳೋಣ. ಆಗ ಅವರಿಗೆ ಎಳೆಯೋಕೆ ಆಗಲ್ಲ.”

ಮರುದಿನ ಬೆಳಿಗ್ಗೆ ನಮ್ಮ ಮನೆಯ ಹಾರೆಯೂ ಶಾಲೆಗೆ ಹೋಯಿತು.