ಯಾವ ಸಮುದ್ರದ ಪಾಚಿ

ಬಸ್ಸಿನಲ್ಲಿ ಜನ ಇನ್ನೂ ಪಕ್ಕದವರನ್ನು ಮಾತಾಡಿಸುತ್ತಿದ್ದ ಕಾಲ. ಅರಸೀಕೆರೆಯಲ್ಲಿ ರೈಲಿಳಿದು ಹಳೇಬೀಡಿನ ಬಸ್ಸು ಹತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸೊಬ್ಬರು ಏನು ಕೆಲಸ ಎಂದು ಕೇಳಿದರು.

"ಸಮುದ್ರದ ನೀರಲ್ಲಿ ಪಾಚಿ ಎಷ್ಟಿದೆ ಅಂತ ನೋಡ್ತೀನಿ."

"ಸದ್ಯ, ಈಗಲಾದ್ರೂ ಬಂದ್ರಲ್ಲ! ಬಟ್ಟೆ ಒಗೆಯೋಕಾಗಲ್ಲ, ಅಷ್ಟು ಪಾಚಿ ಕಟ್ಟೈತೆ."

ಅವರು ಹೇಳುತ್ತಿರುವುದು ಹಳೇಬೀಡಿನ ದ್ವಾರಸಮುದ್ರ ಕೆರೆಯ ವಿಷಯ ಎಂದು ಆಮೇಲೆ ಹೊಳೆಯಿತು. ನನ್ನದು ಮಂಗಳೂರಿನಾಚೆಯ ಉಪ್ಪುನೀರಿನ ಸಮುದ್ರ ಎಂದೆ. ಅಲ್ಲಿ ಮೇಲಿನ ನೀರು ಬಿಸಿಯಾಗಿ ಮೇಲೇ ನಿಲ್ಲುತ್ತದೆ, ತಳದ ಸಾರ ಮೇಲೆ ಬರುವುದಿಲ್ಲ, ಕಣ್ಣಿಗೆ ಕಾಣದ ಪಾಚಿ ಹಸಿದು ಕಮ್ಮಿಯಾಗುತ್ತದೆ. ಮೀನಿಗೆ ಅದೇ ಅನ್ನ, ನಮ್ಮ ಉಸಿರಿಗೂ ಅದು ಬೇಕು ಎಂದೆಲ್ಲ ವಿವರಿಸಿದೆ.

"ಅಯ್ಯೋ! ಅದಕ್ಕೆ ಏನ್ ಔಷಧಿ ಹಾಕ್ತೀರಾ?"

"ಔಷಧಿ ಇಲ್ಲಮ್ಮ. ಎಷ್ಟು ಕಮ್ಮಿ ಆಯ್ತು ಅಂತ ಬರ್ಕೋತೀವಿ."

"ಬರ್ಕೊಂಡು?"

ಅಷ್ಟರಲ್ಲಿ ಹಳೇಬೀಡು ಬಂತು. ಇಳಿಯುವಾಗ ಅವರು ಕೆರೆ ಕಡೆ ಕೈ ತೋರಿಸಿ, "ನಮ್ ಕೆರೇಲಿ ಬೇಕಾದಷ್ಟೈತೆ ಕಣ್ರೀ, ಒಂದ್ ಲಾರಿ ತುಂಬ್ಕೊಂಡೋಗಿ ಹಾಕಿ" ಅಂದರು.

ಸಿಹಿನೀರಿನ ಪಾಚಿ ಉಪ್ಪುನೀರಲ್ಲಿ ಬದುಕುವುದಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಆಮೇಲೆ ಎಷ್ಟೋ ದೊಡ್ಡ ಸಭೆಗಳಲ್ಲಿ ಕೂತು ಎದ್ದು ಬಂದಿದ್ದೇನೆ. ಸಮುದ್ರಕ್ಕೆ ಏನಾದರೂ ಕೊಡುತ್ತೇನೆ ಅಂದವರು ಇವತ್ತಿಗೂ ಅವರೊಬ್ಬರೇ.