ಪನ್ನೀರು ಗುಲಾಬಿಯ ಬೇಲಿ

ನಾನು ಸೊಸೆಯಾಗಿ ಅಜ್ಜಂಪುರಕ್ಕೆ ಬಂದಾಗ ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ಮನೆಗೆ ಬಿಸಿಲು ಬೀಳುತ್ತಿದ್ದದ್ದು ಮುಂದಿನ ಅಂಗಳದಲ್ಲಿ ಮಾತ್ರ. ಅದರೆದುರಿಗೇ ತರೀಕೆರೆ, ಬೀರೂರು ಬಸ್ಸುಗಳು ನಿಲ್ಲುತ್ತಿದ್ದವು. ಶುಕ್ರವಾರ ತಲೆಗೆ ನೀರು ಹಾಕಿಕೊಂಡು ಅಲ್ಲಿ ಕೂದಲು ಬಿಚ್ಚಿದರೆ ಬಸ್ಸು ಕಾಯುವವರಿಗೆಲ್ಲ ಪುಕ್ಕಟೆ ನೋಟ. ಹಾಗಾಗಿ ಒಲೆ ಮುಂದೆ ಕೂತು ಹೊಗೆಯಲ್ಲಿ ಒಣಗಿಸಿಕೊಳ್ಳುತ್ತಿದ್ದೆ. ಸೊಂಟ ದಾಟುವ ಕೂದಲು ಒಣಗುವಷ್ಟರಲ್ಲಿ ನೆಗಡಿ ಗ್ಯಾರಂಟಿ. ನಮ್ಮನೆಯ ಬಿಸಿಲು ನಮಗೇ ದಕ್ಕದ್ದು ನೋಡಿ ಮೈ ಉರಿಯುತ್ತಿತ್ತು.

ಬೇಲಿ ಹಾಕೋಣ ಅಂದೆ. ಅತ್ತೆ ಕಳ್ಳಿ ನೆಡು ಅಂದರು. ದಿನಾ ಎದ್ದು ಕಳ್ಳಿಯ ಮುಖ ನೋಡಲು ನನ್ನಿಂದಾಗದು, ಗುಲಾಬಿಯೇ ಆಗಬೇಕು ಎಂದು ಹಟ ಹಿಡಿದೆ. ತರೀಕೆರೆಯಲ್ಲಿ ಗಿಡ ಮಾರುವವನು ಅಂಗೈಯಗಲ ಹೂ ಬಿಡುವ ಕಸಿ ಗಿಡ ತೋರಿಸಿದ. ಹೂವೇನೋ ಚೆಂದ, ಬುಡವೆಲ್ಲ ಬೋಳು. ಅದರ ಹಿಂದೆ ಎಮ್ಮೆ ನಿಂತರೂ ಪೂರ್ತಿ ಕಾಣುತ್ತಿತ್ತು. ಬರಿಗೈಲಿ ವಾಪಸ್ಸು ಬಂದು, ಯಗಟಿಯ ತವರಿನಿಂದ ನಾಟಿ ಪನ್ನೀರು ಗುಲಾಬಿಯ ಕಡ್ಡಿ ತಂದೆ. ಹೂ ಚಿಕ್ಕದು, ಮುಳ್ಳು ಧಾರಾಳ, ನೆಲದಿಂದಲೇ ಕವಲೊಡೆಯುವ ಜಾತಿ. ಕಡ್ಡಿಯ ತುದಿಗೆ ಸಗಣಿ ಮೆತ್ತಿ, ಮೊಳಕ್ಕೊಂದರಂತೆ ಎರಡು ಸಾಲು ನೆಟ್ಟೆ.

ಎರಡನೇ ವರ್ಷ ಸೊಂಟದೆತ್ತರ ಬಂದು ಹೂ ಬಿಟ್ಟಿತು ನೋಡಿ, ಶುರುವಾಯಿತು ಫಜೀತಿ. ಹೂ ಕೇಳಿದ ಹೆಂಗಸಿಗೆ ಇಲ್ಲ ಅನ್ನಬಾರದು ಎನ್ನುವುದು ನಮ್ಮ ಕಡೆಯ ಪದ್ಧತಿ. ಪೂಜೆಗೆ, ಮುಡಿಯೋಕೆ, ಮಗಳ ಜಡೆಗೆ ಅಂತ ಬಂದವರೆಲ್ಲ ಗಿಡ ಸರಿಸಿ ಒಳಗೇ ಇಣುಕತೊಡಗಿದರು. ಮೊದಲು ಬಸ್ಸು ಕಾಯುವವರಷ್ಟೇ ನೋಡುತ್ತಿದ್ದರು, ಈಗ ಊರಿಗೆ ಊರೇ. ಕಳ್ಳಿಯ ಹೂ ಕೇಳಿಕೊಂಡು ಯಾರೂ ಬರುತ್ತಿರಲಿಲ್ಲ ಎಂದು ಅತ್ತೆ ನಕ್ಕರು. ನನಗೆ ಅಳುವೇ ಬಂತು.

ಪಕ್ಕದ ಮನೆ ಅಜ್ಜಿ ಮಾತ್ರ ಬರೀ ಹೂ ಬಿಡಿಸುತ್ತಿರಲಿಲ್ಲ, ಗೇಣುದ್ದ ಕಡ್ಡಿ ಸಮೇತ ಮುರಿಯುತ್ತಿದ್ದರು. ಮನಸ್ಸಿನಲ್ಲೇ ಬೈದುಕೊಂಡಿದ್ದೆ. ತಿಂಗಳು ಕಳೆಯುವುದರಲ್ಲಿ ಅವರು ಮುರಿದ ಕಡೆಯೆಲ್ಲ ಎರಡು ಮೂರು ಚಿಗುರೊಡೆದು, ಆ ಮೂಲೆಯಲ್ಲಿ ಕೈ ತೂರದಷ್ಟು ದಟ್ಟವಾಗಿತ್ತು. ಮರುದಿನವೇ ಬೇಲಿ ಬಾಗಿಲ ಕಂಬಕ್ಕೆ, ರಸ್ತೆ ಕಡೆ, ಕತ್ತರಿ ತೂಗುಹಾಕಿ ಕಾನೂನು ಮಾಡಿದೆ. ಹೂ ಎಷ್ಟಾದರೂ ಒಯ್ಯಿರಿ, ರಸ್ತೆ ಕಡೆಯಿಂದಲೇ, ಗೇಣು ಕಡ್ಡಿ ಸಮೇತ. ಊರ ಹೆಂಗಸರೆಲ್ಲ ಸಂಬಳವಿಲ್ಲದ ಮಾಲಿಗಳಾದರು.

ಎಂಬತ್ತರ ಹೊತ್ತಿಗೆ ಬೇಲಿ ಆಳೆತ್ತರವಾಯಿತು. ಒಂದು ಶುಕ್ರವಾರ ಅಂಗಳದಲ್ಲಿ ಚಾಪೆ ಹಾಕಿ, ಕೂದಲು ಹರವಿ ಕೂತೆ. ಬಸ್ಸು ಬಂತು, ಕಂಡಕ್ಟರ್ ಬೀರೂರು ಬೀರೂರು ಅಂತ ಕೂಗಿದ, ಜನ ಹತ್ತಿದರು. ಒಬ್ಬರ ಕಣ್ಣೂ ಒಳಗೆ ಬರಲಿಲ್ಲ. ಗೆದ್ದುಬಿಟ್ಟೆ ಅನ್ನಿಸಿ ಒಬ್ಬಳೇ ನಕ್ಕೆ. ಅಷ್ಟರಲ್ಲಿ ಅತ್ತೆ ಬಚ್ಚಲಿಂದ ಬಂದು ಪಕ್ಕ ನಿಂತರು. ಬೆಳ್ಳಗಿನ ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು.

“ಸರ್ಕೊಳ್ಳೆ ಅತ್ಲಾಗೆ,” ಅಂದರು. “ಈ ಮನೆಗೆ ಬಂದ ಮ್ಯಾಲೆ ಬಿಸ್ಲಲ್ಲಿ ಕೂದ್ಲು ಬಿಚ್ಚಿ ಕೂತಿಲ್ಲ ಕಣೆ ನಾನು.”

ಚಾಪೆ ಪೂರ್ತಿ ಅವರಿಗೇ ಬಿಟ್ಟು, ಹಿಂದೆ ಕೂತು ಅವರ ಸಿಕ್ಕು ಬಿಡಿಸತೊಡಗಿದೆ.