ಗುಡುಗಮ್ಮನ ಬೈಗುಳ

ಹೆಣ್ಣುಮಕ್ಕಳ ಶಾಲೆಯ ಹಳದಿ ವ್ಯಾನು ಓಡಿಸುವ ಆ ಹೆಂಗಸಿಗೆ ಮಕ್ಕಳು ಇಟ್ಟ ಹೆಸರು ಗುಡುಗಮ್ಮ. ಗೇಟಿನ ಬಳಿ ನಿಂತು ಅವಳೊಮ್ಮೆ ದನಿ ಏರಿಸಿದರೆ, ಎದುರಿನ ಝೆರಾಕ್ಸ್ ಅಂಗಡಿಯವನೂ ತಾನೇನು ತಪ್ಪು ಮಾಡಿದೆನೋ ಎಂದು ಎದ್ದು ನಿಲ್ಲುತ್ತಿದ್ದ. ತಮಾಷೆಯೆಂದರೆ ಮನೆಯಲ್ಲಿ ಆ ದನಿಯನ್ನು ಕೇಳಿದವರೇ ಇಲ್ಲ. ಬೆಕ್ಕು ಹಾಲಿಗೆ ಬಾಯಿ ಹಾಕಿದರೂ ಯಾಕಮ್ಮಾ ಹೀಗೆ ಮಾಡ್ತೀಯ ಎಂದು ಕೇಳುವ ಜೀವ ಅದು. ಗುಡುಗೆಲ್ಲ ಗೇಟಿನಲ್ಲೇ ಖರ್ಚಾಗಿ ನಮ್ಮ ಪಾಲಿಗೆ ಉಳಿಯುವುದು ಬರೀ ತುಂತುರು ಎಂದು ಬಡಗಿ ಕೆಲಸದ ಅವಳ ಗಂಡ ಛೇಡಿಸುತ್ತಿದ್ದ.

ಆ ಗುಡುಗು ಹುಟ್ಟಿ ಹನ್ನೊಂದು ವರ್ಷವಾಯಿತು. ಒಂದು ಬೆಳಗ್ಗೆ ಎಲ್ಲರೂ ಇಳಿದು ಹೋದರೂ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬ್ಯಾಗಿನ ಪಟ್ಟಿ ತಿರುವುತ್ತ ಕುಳಿತೇ ಇದ್ದಳು. ಸಂಜೆ ಗೆಳತಿಯರೆಲ್ಲ ಸೇರಿ ಕಲ್ಲುಗಣಿಯ ಹೊಂಡಕ್ಕೆ ಹೋಗಿ ಮೇಲಿನಿಂದ ನೀರಿಗೆ ಹಾರುವುದೆಂದು ಮಾತಾಗಿತ್ತಂತೆ. ಅವಳಿಗೆ ಈಜು ಅಷ್ಟಕ್ಕಷ್ಟೆ. ಬರುವುದಿಲ್ಲ ಎಂದರೆ ಪುಕ್ಕಲಿ ಎನ್ನುತ್ತಾರೆ, ನಾಳೆಯಿಂದ ಊಟಕ್ಕೆ ಪಕ್ಕದಲ್ಲಿ ಕೂರಿಸಿಕೊಳ್ಳುವುದಿಲ್ಲ. ಅಮ್ಮನಿಗೆ ಹೇಳಿದರೆ ಅಮ್ಮ ಶಾಲೆಗೆ ಬಂದು ರಂಪ ಮಾಡುತ್ತಾಳೆ, ಆಮೇಲೆ ಚಾಡಿಕೋರಿ ಎಂಬ ಪಟ್ಟ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ ಹುಡುಗಿ ಬೇಡಿದ್ದು ಒಂದೇ.

"ಆಂಟಿ, ಸಂಜೆ ಎಲ್ಲರ ಮುಂದೆ ನಂಗೆ ಸ್ವಲ್ಪ ಬೈತೀರಾ?"

ಈ ಆಂಟಿಯೋ ಜನ್ಮದಲ್ಲಿ ಯಾರಿಗೂ ಬೈದವಳಲ್ಲ. ಮಧ್ಯಾಹ್ನ ವ್ಯಾನಿನ ಗಾಜು ಏರಿಸಿಕೊಂಡು, ಸ್ಟೇರಿಂಗನ್ನೇ ಎದುರಾಳಿ ಮಾಡಿಕೊಂಡು ಅಭ್ಯಾಸ ಮಾಡಿದಳು. ಸಂಜೆ ಗೇಟಿನಲ್ಲಿ, ಎಲ್ಲಿಗೆ ಹೊರಟಿತು ಸವಾರಿ, ಒಬ್ಬೊಬ್ಬರ ಮನೆಗೂ ಫೋನು ಮಾಡಲಾ ಎಂದು ಅಬ್ಬರಿಸಿ ಇಡೀ ಗುಂಪನ್ನು ಕುರಿಮಂದೆಯ ಹಾಗೆ ವ್ಯಾನಿಗೆ ಅಟ್ಟಿದಳು. ಬೈಗುಳ ಕೇಳಿ ಪಡೆದ ಹುಡುಗಿಯೇ ಎಲ್ಲರಿಗಿಂತ ಹೆಚ್ಚು ಮುಖ ಊದಿಸಿಕೊಂಡು, ಎಂಥಾ ರಾಕ್ಷಸಿ ಗಂಟುಬಿದ್ದಿದ್ದಾಳೆ ನೋಡ್ರೇ ಎಂದು ಗೊಣಗಿದಳು. ವ್ಯಾನು ತಿರುವು ದಾಟಿದ ಮೇಲೆ ಕನ್ನಡಿಯಲ್ಲಿ ನೋಡಿದರೆ, ಅವಳದು ಆಗಷ್ಟೇ ಜ್ವರ ಬಿಟ್ಟ ಮಗುವಿನ ಮುಖ.

ಆಮೇಲೆ ಅದು ಹೇಗೆ ಕಿವಿಯಿಂದ ಕಿವಿಗೆ ಹೋಯಿತೋ, ವಾರಕ್ಕೊಬ್ಬಳಾದರೂ ಡ್ರೈವರ್ ಕಿಟಕಿಯ ಬಳಿ ಬಂದು ಪಿಸುಗುಡತೊಡಗಿದಳು. ಒಬ್ಬಳಿಗೆ ಸೈಕಲ್ ಶೆಡ್ಡಿನ ಹಿಂದೆ ಸಿಗರೇಟು ಸೇದಿ ತೋರಿಸಬೇಕಾಗಿತ್ತು, ಇನ್ನೊಬ್ಬಳಿಗೆ ಯಾರದೋ ಬ್ಯಾಗಿನಿಂದ ಏನೋ ಎಗರಿಸಬೇಕಾಗಿತ್ತು. ಆಂಟಿಯ ಈ ಉಪಕಾರ ತನಗೊಬ್ಬಳಿಗೇ ಗೊತ್ತೆಂದು ಪ್ರತಿಯೊಬ್ಬಳ ನಂಬಿಕೆ. ಒಮ್ಮೆ ಐವರ ಗುಂಪೊಂದು ತರಗತಿ ತಪ್ಪಿಸಿ ಸಿನಿಮಾಕ್ಕೆ ಹೋಗಲು ಹೊಂಚು ಹಾಕಿತ್ತು. ಬೆಳಗ್ಗೆ ಒಬ್ಬಳಿಗೆ ತಿಳಿಯದ ಹಾಗೆ ಇನ್ನೊಬ್ಬಳು, ನಾಲ್ಕು ಜನ ಬಂದು ಬೈಗುಳಕ್ಕೆ ಹೇಳಿ ಹೋದರು. ಐದನೆಯವಳಿಗೆ ನಿಜಕ್ಕೂ ಹೋಗುವ ಆಸೆಯಿತ್ತೋ, ಕೇಳುವ ಧೈರ್ಯ ಬರಲಿಲ್ಲವೋ, ದೇವರೇ ಬಲ್ಲ. ಯಾರಿಗೂ ಬೇಡದ ಕಡೆಗೆ ಎಲ್ಲರೂ ಕೈ ಕೈ ಹಿಡಿದು ಹೊರಡುವ ಈ ಚಂದವನ್ನು ನೋಡಿ ಗುಡುಗಮ್ಮನಿಗೆ ನಗು ಬಂತು, ಹಿಂದೆಯೇ ಸಂಕಟವೂ ಆಯಿತು. ಮಕ್ಕಳನ್ನೇನು ಅನ್ನುವುದು, ನಾವು ದೊಡ್ಡವರೂ ಆ ವಿಷಯದಲ್ಲಿ ಏನೂ ಕಡಿಮೆಯಿಲ್ಲ.

ಒಬ್ಬಳ ಗುಟ್ಟನ್ನು ಇನ್ನೊಬ್ಬಳಿಗೆ ಅವಳು ಯಾವತ್ತೂ ಬಿಟ್ಟುಕೊಡಲಿಲ್ಲ. ಬಂದವಳಿಗೆಲ್ಲ ಹೇಳುತ್ತಿದ್ದುದು ಇಷ್ಟೆ: ಇವತ್ತು ಬೈದುಕೊಡುತ್ತೇನೆ, ಆದರೆ ನಿನ್ನ ಗುಂಪಿನಲ್ಲೂ ನಿನ್ನ ಹಾಗೆಯೇ ಒಳಗೊಳಗೆ ಹೆದರಿದವಳು ಇದ್ದೇ ಇರುತ್ತಾಳೆ, ಸ್ವಲ್ಪ ಕಣ್ಣುಬಿಟ್ಟು ನೋಡು. ಕೆಲವರು ನೋಡಿದರು, ಹಲವರು ಮತ್ತೆ ಬೈಗುಳಕ್ಕೇ ಬಂದರು. ಬಾಯಿ ಜೋರಿನ ಡ್ರೈವರ್ ಎಂದು ಪೋಷಕರಿಂದ ಎರಡು ಸಲ ದೂರು ಹೋಗಿ, ಆಫೀಸಿನಲ್ಲಿ ತಲೆತಗ್ಗಿಸಿ ನಿಂತು ಬಂದಳು.

ಈ ವರ್ಷ ಅವಳ ಸ್ವಂತ ಮಗಳು ಒಂಬತ್ತನೇ ತರಗತಿಗೆ ಅದೇ ಶಾಲೆಗೆ ಸೇರಿ, ಅದೇ ವ್ಯಾನು ಹತ್ತಿದಳು. ಗುಡುಗಮ್ಮನ ಮಗಳು ಎಂದರೆ ಸಾಕು, ಹಿಂದಿನ ಸೀಟಿನಲ್ಲಿ ಮುಸಿಮುಸಿ ನಗು. ಆ ಸೀಟಿನ ಯಜಮಾನಿಕೆ ದೊಡ್ಡ ಗಡಿಯಾರ ಕಟ್ಟುತ್ತಿದ್ದ ಒಬ್ಬ ಹುಡುಗಿಯದು. ಮೊದಮೊದಲು ಮಗಳು ಕಿಟಕಿಗೆ ಮುಖ ಹಾಕಿ ಕೂರುತ್ತಿದ್ದಳು. ಆಮೇಲೊಂದು ದಿನ, ತಾನೇ ಎದ್ದು ನಿಂತು, ಸೊಂಟಕ್ಕೆ ಕೈಯಿಟ್ಟು ಅಮ್ಮನ ಹಾಗೆಯೇ ಅಬ್ಬರಿಸಿ ತೋರಿಸಿದಳು. ಹಿಂದಿನ ಸೀಟು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮರುದಿನದಿಂದ ಅವಳಿಗೆ ಅಲ್ಲೇ ಜಾಗ.

ತಾಯಿಗೆ ಎಲ್ಲವೂ ಕೇಳಿಸಿತ್ತು. ಮಗಳು ಎಷ್ಟು ಚೆನ್ನಾಗಿ ಮಾಡಿದಳು ಎಂದರೆ ಅವಳಿಗೂ ನಗು ಬರಬೇಕಿತ್ತು, ಬರಲಿಲ್ಲ. ಎದೆಗೆ ಚುಚ್ಚಿತು. ನಾನು ಬೈಯುವುದು ಯಾಕೆ ಗೊತ್ತಾ ಎಂದು ಹೇಳಿಬಿಡೋಣವೆಂದರೆ ಅದು ಬೇರೆ ಮಕ್ಕಳ ಗುಟ್ಟು. ಅದರಲ್ಲೂ ಆ ಗಡಿಯಾರದ ಹುಡುಗಿ ಎರಡು ತಿಂಗಳ ಹಿಂದಷ್ಟೇ ಕಿಟಕಿಯ ಬಳಿ ಬಂದು ಕಣ್ಣಲ್ಲಿ ನೀರು ತುಂಬಿಕೊಂಡು ಬೈಗುಳ ಕೇಳಿಕೊಂಡು ಹೋಗಿದ್ದಳು.

ಮುಂದಿನ ಸೋಮವಾರ ಆ ಹುಡುಗಿ ಹೊಸ ವರಾತ ತೆಗೆದಳು. ಬಾಯಲ್ಲಿ ಮಾಡಿದರೆ ಸಾಲದು, ಅಮ್ಮನ ಖಾಕಿ ಅಂಗಿ ತಂದು ಹಾಕಿಕೊಂಡು ಮಾಡು, ವಿಡಿಯೋ ಮಾಡಿ ಇಡೀ ಶಾಲೆಗೆ ಕಳಿಸೋಣ ಎಂದಳು. ಉಳಿದವರು ಹೋ ಎಂದರು. ಮಗಳು ಸ್ವಲ್ಪ ತಡೆದು, ಆಯ್ತು ನಾಳೆ ಎಂದದ್ದು ಡ್ರೈವರ್ ಸೀಟಿನವರೆಗೂ ಕೇಳಿಸಿತು.

ಅವತ್ತು ಮನೆಯಲ್ಲಿ ಮಗಳು ತಟ್ಟೆಯ ಮುಂದೆ ಕೂತು ಅನ್ನ ಕೆದಕಿದಳೇ ಹೊರತು ತಿನ್ನಲಿಲ್ಲ. ತಾಯಿ ಪಾತ್ರೆ ತೊಳೆಯುತ್ತ, ಒಂದು ಸಲ ಬಂದು ಕೇಳು ಮಗಳೇ ಎಂದು ಮನಸ್ಸಿನಲ್ಲೇ ಹಂಬಲಿಸಿದಳು. ಆದರೆ ಕೇಳಿದರೂ ಕೊಡುವುದೇನು? ಕಂಡವರ ಮಕ್ಕಳನ್ನೆಲ್ಲ ಕಾಪಾಡಿದ ಆ ಅಬ್ಬರ ಇಲ್ಲಿ ಮೂರು ಕಾಸಿಗೂ ಬಾಳದು. ನಾಳೆ ಗೇಟಿನಲ್ಲಿ ಬಾಯಿಬಿಟ್ಟರೆ ಅದನ್ನೂ ವಿಡಿಯೋ ಮಾಡುತ್ತಾರೆ, ಅಷ್ಟೆ. ಕೊನೆಗೆ ಏನಾದರೂ ಹೇಳಬೇಕಾ ಪುಟ್ಟಾ ಎಂದು ಕೇಳಿದಳು. ಏನೂ ಇಲ್ಲ ಎಂದು ಮಗಳು ಎದ್ದು ಹೋದಳು.

ಬೆಳಗ್ಗೆ ತಂತಿಯ ಮೇಲೆ ಒಣಗಿದ್ದ ಖಾಕಿ ಅಂಗಿಯನ್ನು ಮಗಳು ಮಡಚಿ ಬ್ಯಾಗಿಗೆ ತುರುಕುವುದು ಅಡುಗೆಮನೆಯ ಬಾಗಿಲಿನಿಂದ ಕಂಡಿತು. ತಾಯಿ ಹಿಂದೆ ಸರಿದು ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಸಂಜೆ ಗೇಟಿನ ಒಳಗೆ ಮರದ ಕೆಳಗೆ ಐದಾರು ಹುಡುಗಿಯರು ಸುತ್ತುಗಟ್ಟಿದ್ದರು. ನಡುವೆ ಮಗಳು, ಎದುರಿಗೆ ಮೇಲೆತ್ತಿದ ಫೋನು. ಡ್ರೈವರ್ ಸೀಟಿನಿಂದ ಕಾಣುತ್ತಿತ್ತು, ಕೇಳಿಸುತ್ತಿರಲಿಲ್ಲ. ಮಗಳು ಬ್ಯಾಗಿನ ಜಿಪ್ಪು ಎಳೆದಳು, ಅಂಗಿಯ ತುದಿ ಹೊರಗೆ ಬಂತು, ಅಲ್ಲೇ ನಿಂತಿತು. ಆಮೇಲೆ ಅದನ್ನು ಒಳಗೆ ತಳ್ಳಿ ಜಿಪ್ಪು ಹಾಕಿದಳು. ಗಡಿಯಾರದ ಹುಡುಗಿ ಏನೋ ಕೇಳಿದಳು, ಮಗಳು ಏನೋ ಹೇಳಿದಳು, ಇನ್ನೊಮ್ಮೆ ಕೇಳಿದಳು, ಇನ್ನೊಮ್ಮೆ ಹೇಳಿದಳು. ಗುಂಪು ಬೆನ್ನು ತಿರುಗಿಸಿ ನಗುತ್ತ ಬಂದು ವ್ಯಾನು ಹತ್ತಿತು. ಮಗಳು ಎಲ್ಲರಿಗಿಂತ ಕೊನೆಗೆ ಬಂದು, ಮುಂದಿನ ಬಾಗಿಲು ತೆಗೆದು ಅಮ್ಮನ ಪಕ್ಕದಲ್ಲಿ ಕುಳಿತಳು.

ಹಿಂದಿನಿಂದ ಅಮ್ಮನ ಬಾಲ ಎಂದು ಯಾರೋ ಕೂಗಿದರು. ತಾಯಿಗೆ ಗುಡುಗು ಗಂಟಲಿಗೆ ಬಂತು, ಗಡಿಯಾರದ ಹುಡುಗಿಯ ಗುಟ್ಟೂ ನಾಲಿಗೆಯ ತುದಿಗೆ ಬಂತು. ಮಗಳು ಅವಳ ತೋಳಿನ ಮೇಲೆ ಕೈಯಿಟ್ಟಳು.

"ಬೇಡ ಅಮ್ಮ. ನಾನೇ ನೋಡ್ಕೋತೀನಿ."

ಎರಡನ್ನೂ ನುಂಗಿಕೊಂಡು ಗಾಡಿ ಹೊರಡಿಸಿದಳು. ಗೇಟು ದಾಟಿದ ಮೇಲೆ, ಏನಂದೆ ಅವರಿಗೆ ಎಂದು ಮೆಲ್ಲಗೆ ಕೇಳಿದಳು. ನಂಗಿಷ್ಟ ಇಲ್ಲ ಅಂದೆ ಎಂದಳು ಮಗಳು. ಯಾಕೆ ಅಂತ ಕೇಳಲಿಲ್ಲವಾ? ಕೇಳಿದರು, ಇಷ್ಟ ಇಲ್ಲ ಅಂತ ಇನ್ನೊಂದು ಸಲ ಅಂದೆ.

"ಅಮ್ಮ ಬೈತಾಳೆ ಅಂತ ಹೇಳಿದ್ರೆ ಆಗ್ತಿತ್ತಲ್ಲ ಪುಟ್ಟಾ?"

"ನೀನೆಲ್ಲಿ ಬೈತೀಯ?" ಎಂದಳು ಮಗಳು. ಮಾತು ಗಟ್ಟಿಯಾಗಿತ್ತು, ಆದರೆ ಅವಳ ಮೊಣಕಾಲು ಇನ್ನೂ ಗಡಗಡ ನಡುಗುತ್ತಿತ್ತು. ತಾಯಿ ಗೇರಿನ ಮೇಲಿದ್ದ ಕೈಯನ್ನು ತೆಗೆದು ಆ ಮೊಣಕಾಲಿನ ಮೇಲಿಟ್ಟಳು. ಮತ್ತೆ ಆ ಕೈ ತೆಗೆಯುವುದಕ್ಕೆ ಅವಳಿಂದ ಆಗಲಿಲ್ಲ. ಅವತ್ತು ಇಡೀ ದಾರಿ ವ್ಯಾನು ಎರಡನೇ ಗೇರಿನಲ್ಲೇ ಹೋಯಿತು.